ರೋಗಿಗೆ ನಿಜವನ್ನು ಹೇಳಬೇಕೆ?
ಮನೆಯೊಳಗಿನ ಒಂದು ಪ್ರಶ್ನೆ, ನೀತಿಶಾಸ್ತ್ರದ ಮೂರು ಶಾಖೆಗಳು

'ನೀತಿ' ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಶಾಲೆಯ ಗೋಡೆಯ ಮೇಲಿನ ಬರಹ, ಇಲ್ಲವೆ ಮಕ್ಕಳ ಕಥೆಯ ಕೊನೆಯಲ್ಲಿ ಬರುವ ಒಂದು ಸಾಲು. ಸುಳ್ಳಾಡಬಾರದು, ಕದಿಯಬಾರದು, ಹಿರಿಯರನ್ನು ನೋಯಿಸಬಾರದು—ಇಷ್ಟೇ ನೀತಿಯಾಗಿದ್ದರೆ ಅದಕ್ಕೊಂದು ಶಾಸ್ತ್ರವೇ ಬೇಕಾಗಿರಲಿಲ್ಲ. ಸುಳ್ಳಾಡಬಾರದೆಂಬ ಮಾತೂ ಹಿರಿಯರನ್ನು ನೋಯಿಸಬಾರದೆಂಬ ಮಾತೂ ಒಂದೇ ದಿನ, ಒಂದೇ ಮನೆಯಲ್ಲಿ, ಎದುರುಬದುರಾಗಿ ನಿಂತಾಗ ಮನುಷ್ಯನಿಗೆ ದಿಕ್ಕು ತೋಚದಂತಾಗುತ್ತದೆ. ಶಾಸ್ತ್ರವು ಮೊದಲಾಗುವುದು ಅಲ್ಲಿಂದ.

ಅಂಥ ಒಂದು ದಿನ ಇಂದು ಅನೇಕ ಮನೆಗಳಿಗೆ ಬರುತ್ತಿದೆ. ಮನೆಯ ಯಜಮಾನರಿಗೆ ಕೆಲವು ವಾರಗಳಿಂದ ಆರೋಗ್ಯ ಸರಿಯಿಲ್ಲ. ಪರೀಕ್ಷೆಗಳಾಗಿವೆ. ವೈದ್ಯರು ಮಗನನ್ನು ಮಾತ್ರ ಒಳಗೆ ಕರೆದು, ಕ್ಯಾನ್ಸರ್ ಬಹಳ ಮುಂದುವರಿದಿದೆ, ಗುಣವಾಗುವ ಭರವಸೆಯಿಲ್ಲ ಎನ್ನುತ್ತಾರೆ. ಮಗನ ಬಾಯಿಂದ ಹೊರಡುವ ಮೊದಲ ಮಾತು: "ದಯವಿಟ್ಟು ಅಪ್ಪನಿಗೆ ಹೇಳಬೇಡಿ, ಡಾಕ್ಟರೆ." ಅಲ್ಲಿಂದ ಮುಂದೆ ಇಡೀ ಮನೆ ಒಂದು ನಾಟಕದ ಕಂಪನಿಯಾಗುತ್ತದೆ. ಸೊಸೆ ನಗುಮುಖ ಹೊತ್ತು ಗಂಜಿ ತರುತ್ತಾಳೆ. ನೋಡಲು ಬಂದ ನೆಂಟರಿಗೆ ಬಾಗಿಲಲ್ಲಿಯೇ ಪಾಠ ಹೇಳಿಕೊಡಲಾಗುತ್ತದೆ. ವರದಿಯ ಕಾಗದಗಳು ಬೀರುವಿನಲ್ಲಿ ಅಡಗುತ್ತವೆ.

ಇದು ಸುಳ್ಳು, ಆದರೆ ಪ್ರೀತಿಯಿಂದ ಹುಟ್ಟಿದ ಸುಳ್ಳು. ಇದು ಸರಿಯೆ, ತಪ್ಪೆ? ನೀತಿಶಾಸ್ತ್ರವನ್ನು ವಿದ್ವಾಂಸರು ಮುಖ್ಯವಾಗಿ ಮೂರು ಶಾಖೆಗಳಾಗಿ ವಿಂಗಡಿಸುತ್ತಾರೆ. 'ಸರಿ', 'ಒಳ್ಳೆಯದು' ಎಂಬ ಮಾತುಗಳ ಅರ್ಥವನ್ನೇ ವಿಚಾರಿಸುವುದು ಮೊದಲನೆಯದು, ಅದನ್ನು ಅಧಿನೀತಿಶಾಸ್ತ್ರವೆನ್ನಬಹುದು. ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದಕ್ಕೆ ತತ್ತ್ವವನ್ನು ಹುಡುಕುವುದು ಎರಡನೆಯದಾದ ವಿಧಾಯಕ ನೀತಿಶಾಸ್ತ್ರ. ಆಸ್ಪತ್ರೆ, ವ್ಯಾಪಾರ, ಯುದ್ಧ ಮೊದಲಾದ ನಿರ್ದಿಷ್ಟ ಕ್ಷೇತ್ರಗಳಲ್ಲಿ ಆ ವಿಚಾರವನ್ನು ಹೂಡಿ ನೋಡುವುದು ಮೂರನೆಯದಾದ ಅನ್ವಯಿಕ ನೀತಿಶಾಸ್ತ್ರ. ಮೇಲಿನ ಮನೆಯ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಈ ಮೂರನ್ನೂ ಒಮ್ಮೆ ಹಾದುಬರೋಣ.

ಇರುವುದು ಮತ್ತು ಇರಬೇಕಾದುದು

"ಎಲ್ಲರ ಮನೆಯಲ್ಲಿಯೂ ಹೀಗೆಯೇ ಮಾಡುತ್ತಾರೆ" ಎಂಬುದು ನಮ್ಮ ಮೊದಲ ಸಮಾಧಾನ. ಈ ಸಮಾಧಾನಕ್ಕೆ ಬಹಳ ಹಳೆಯ ಆಧಾರವೂ ಉಂಟು. ಮರಣದ ಚಿಹ್ನೆಗಳು ಕಂಡರೂ ಕೇಳದಿರುವಾಗ ವೈದ್ಯನು ಅದನ್ನು ಹೇಳಬಾರದು, ಕೇಳಿದಾಗಲೂ ರೋಗಿಗೋ ಮತ್ತೊಬ್ಬರಿಗೋ ಆಘಾತವಾಗುವಂತಿದ್ದರೆ ಹೇಳಬಾರದು ಎಂಬುದು ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಬರುವ ವಿಧಿ. ಪಶ್ಚಿಮದಲ್ಲಿಯೂ ಸಂಪ್ರದಾಯ ಬೇರೆಯಾಗಿರಲಿಲ್ಲ. ೧೮೪೭ರಲ್ಲಿ ಅಮೆರಿಕದ ವೈದ್ಯಸಂಘವು ರೂಪಿಸಿಕೊಂಡ ನೀತಿಸಂಹಿತೆಯು, ವೈದ್ಯನು ರೋಗಿಯ ಮುಂದೆ ನಿರಾಶೆಯ ಭವಿಷ್ಯ ನುಡಿಯಬಾರದು, ಅಗತ್ಯವಾದಾಗ ಅಪಾಯದ ಸುಳಿವನ್ನು ರೋಗಿಯ ಆಪ್ತರಿಗೆ ಕೊಡಬೇಕು ಎಂದಿತು.

ಆದರೆ ಈ ರೂಢಿ ಎಷ್ಟು ಬೇಗ ಬದಲಾಯಿತೆಂಬುದನ್ನು ನೋಡಿರಿ. ೧೯೬೧ರಲ್ಲಿ ಚಿಕಾಗೋದ ಒಂದು ಆಸ್ಪತ್ರೆಯ ೨೧೯ ವೈದ್ಯರನ್ನು ಪ್ರಶ್ನಿಸಿದಾಗ, ಅವರಲ್ಲಿ ನೂರಕ್ಕೆ ಸುಮಾರು ೯೦ ಮಂದಿ ಕ್ಯಾನ್ಸರ್ ಎಂಬುದನ್ನು ರೋಗಿಗೆ ಹೇಳದಿರುವುದೇ ಲೇಸೆಂದರು. ೧೯೭೯ರಲ್ಲಿ ಅದೇ ದೇಶದ ರೋಚೆಸ್ಟರಿನಲ್ಲಿ ಅಂಥವೇ ಪ್ರಶ್ನೆಗಳನ್ನು ಮತ್ತೆ ಕೇಳಲಾಯಿತು. ಆಗ ನೂರಕ್ಕೆ ೯೭ ಮಂದಿ ಹೇಳುವುದೇ ಲೇಸೆಂದರು! ಹದಿನೆಂಟು ವರ್ಷಗಳಲ್ಲಿ ರೂಢಿ ತಲೆಕೆಳಗಾಯಿತು.

ಹಾಗಾದರೆ ೧೯೬೧ರಲ್ಲಿ ಸರಿಯಾಗಿದ್ದುದು ೧೯೭೯ರಲ್ಲಿ ತಪ್ಪಾಯಿತೆ? ಅಥವಾ ಸರಿ ತಪ್ಪುಗಳು ಇದ್ದಲ್ಲಿಯೇ ಇದ್ದು, ಅವುಗಳ ಬಗೆಗಿನ ನಮ್ಮ ತಿಳಿವಳಿಕೆ ಮಾತ್ರ ಬದಲಾಯಿತೆ? ಈ ಪ್ರಶ್ನೆ ಮೊದಲನೆಯ ಶಾಖೆಗೆ ಸೇರಿದುದು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ೧೭೪೦ರಲ್ಲಿಯೇ ಒಂದು ಎಚ್ಚರಿಕೆ ಕೊಟ್ಟಿದ್ದನು. ಲೇಖಕರು ಲೋಕ 'ಹೀಗಿದೆ' ಎಂದು ಹೇಳುತ್ತ ಹೋಗಿ, ನಡುವೆ ಯಾವ ಕಾರಣವನ್ನೂ ಕೊಡದೆ 'ಹೀಗಿರಬೇಕು' ಎಂಬ ಮಾತಿಗೆ ಜಾರುತ್ತಾರೆಂಬುದು ಅವನ ಆಕ್ಷೇಪ. ಎಲ್ಲರೂ ಮುಚ್ಚಿಡುತ್ತಾರೆ ಎಂಬುದು ಇರುವ ಸಂಗತಿ. ಅಷ್ಟರಿಂದ ಮುಚ್ಚಿಡಬೇಕೆಂಬುದು ಸಿದ್ಧವಾಗದು. ಅಮೆರಿಕದಲ್ಲಿ ಈಗ ಎಲ್ಲರೂ ಹೇಳುತ್ತಾರೆ ಎಂಬುದರಿಂದ ಹೇಳಬೇಕೆಂಬುದೂ ಸಿದ್ಧವಾಗದು.

ಇಪ್ಪತ್ತನೆಯ ಶತಮಾನದಲ್ಲಿ ಈ ಶಾಖೆ ಬಹಳವಾಗಿ ಬೆಳೆಯಿತು. ಕೇಂಬ್ರಿಜ್ಜಿನ ಜಿ. ಇ. ಮೂರ್ ೧೯೦೩ರ ತನ್ನ ಗ್ರಂಥದಲ್ಲಿ, 'ಒಳ್ಳೆಯದು' ಎಂಬುದನ್ನು 'ಸುಖಕರ' ಎಂದೋ 'ಎಲ್ಲರಿಗೂ ಇಷ್ಟವಾದುದು' ಎಂದೋ ಬೇರೊಂದು ಗುಣದಿಂದ ನಿರೂಪಿಸಲು ಬಾರದೆಂದು ವಾದಿಸಿದನು. ಏಕೆಂದರೆ, "ಇದು ಸುಖಕರವೇನೋ ಹೌದು, ಆದರೆ ಒಳ್ಳೆಯದೆ?" ಎಂದು ಕೇಳಲು ಯಾವಾಗಲೂ ಅವಕಾಶವಿದೆ. ೧೯೩೬ರಲ್ಲಿ ಎ. ಜೆ. ಏಯರ್ ಇನ್ನೂ ಮುಂದೆ ಹೋಗಿ, ನೀತಿಯ ಮಾತುಗಳು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ಅವು ಆಡುವವನ ಭಾವದ ಉದ್ಗಾರಗಳು ಮಾತ್ರ ಎಂದುಬಿಟ್ಟನು. ಅವನ ಮಾತನ್ನು ಒಪ್ಪುವವರು ಈಗ ವಿರಳ. ಆದರೂ "ಅಪ್ಪನಿಗೆ ಹೇಳಬಾರದು" ಎಂದು ನಾವು ಖಂಡಿತವಾಗಿ ನುಡಿಯುವಾಗ, ಅದರಲ್ಲಿ ವಿಚಾರವೆಷ್ಟು, ನಮ್ಮ ಸಂಕಟದ ಉದ್ಗಾರವೆಷ್ಟು ಎಂದು ಕೇಳಿಕೊಳ್ಳಲು ಅದು ಉಪಯುಕ್ತ.

ನಮ್ಮವರಿಗೂ ಈ ವಿವೇಕ ಹೊಸದಲ್ಲ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತನು ಮೃತ್ಯುವಿನ ರಹಸ್ಯವನ್ನು ಸ್ವತಃ ಯಮನನ್ನೇ ಕೇಳುತ್ತಾನೆ. ಯಮನು ಉತ್ತರ ಕೊಡಲು ಹಿಂದೆಗೆದು, ಅದರ ಬದಲು ಗೋವು, ಚಿನ್ನ, ರಾಜ್ಯ, ದೀರ್ಘಾಯುಸ್ಸುಗಳನ್ನು ಮುಂದಿಡುತ್ತಾನೆ. ಹುಡುಗ ಬಗ್ಗುವುದಿಲ್ಲ. ಆಗ ಯಮನು ಮೆಚ್ಚಿ, ಪ್ರಿಯವಾದುದು ಬೇರೆ, ಶ್ರೇಯಸ್ಕರವಾದುದು ಬೇರೆ ಎಂಬ ಉಪದೇಶದಿಂದ ತೊಡಗುತ್ತಾನೆ. ಸಾವಿನ ಪ್ರಶ್ನೆ ಕೇಳಿದವನಿಗೆ ಬೇರೆ ಏನನ್ನೋ ಕೊಟ್ಟು ಸುಮ್ಮನಾಗಿಸುವ ಉಪಾಯವನ್ನು ಯಮನೇ ಒಮ್ಮೆ ಪ್ರಯತ್ನಿಸಿ ಸೋತನೆಂಬುದು ಯೋಚಿಸತಕ್ಕ ಸಂಗತಿ.

ಫಲ, ಕರ್ತವ್ಯ, ಶೀಲ

ಪ್ರಿಯ ಬೇರೆ, ಶ್ರೇಯಸ್ಸು ಬೇರೆ ಎಂದಾಯಿತು. ಆದರೆ ಈ ಸಂದರ್ಭದಲ್ಲಿ ಶ್ರೇಯಸ್ಸು ಯಾವುದು? ಎರಡನೆಯ ಶಾಖೆಯ ಕೆಲಸ ಇದು. ಇಲ್ಲಿ ಮೂರು ದೊಡ್ಡ ಪಕ್ಷಗಳಿವೆ.

ಕೆಲಸದ ಒಳಿತು ಕೆಡಕುಗಳನ್ನು ಅದರ ಫಲದಿಂದ ಅಳೆಯಬೇಕೆಂಬುದು ಮೊದಲನೆಯ ಪಕ್ಷ. ಇಂಗ್ಲೆಂಡಿನ ಜೆರೆಮಿ ಬೆಂಥಾಮ್ ೧೭೮೯ರಲ್ಲಿ ಇದಕ್ಕೆ ಶಾಸ್ತ್ರದ ರೂಪ ಕೊಟ್ಟನು. ಜಾನ್ ಸ್ಟುಅರ್ಟ್ ಮಿಲ್ ಅದನ್ನು ತಿದ್ದಿ ಹದಗೊಳಿಸಿದನು. ಮಿಲ್ಲನ ಪ್ರಸಿದ್ಧವಾದ 'ಯುಟಿಲಿಟೇರಿಯನಿಸಂ' ಮೊದಲು ಬೆಳಕು ಕಂಡದ್ದು ೧೮೬೧ರಲ್ಲಿ, ಒಂದು ಮಾಸಪತ್ರಿಕೆಯಲ್ಲಿ, ಕಂತುಗಳಾಗಿ ಎಂಬುದು ಧಾರಾವಾಹಿಗಳನ್ನು ಓದುವವರಿಗೆ ಸಂತೋಷ ಕೊಡಬಹುದಾದ ಸಂಗತಿ. ನಮ್ಮ ಪ್ರಶ್ನೆಯನ್ನು ಮಿಲ್ ನೇರವಾಗಿಯೇ ಎತ್ತಿಕೊಂಡಿದ್ದಾನೆ. ಒಂದೊಂದು ಸುಳ್ಳೂ ಜನರು ಪರಸ್ಪರ ಮಾತಿನಲ್ಲಿಟ್ಟಿರುವ ನಂಬಿಕೆಯನ್ನು ಸವೆಸುತ್ತದೆ. ಆ ನಂಬಿಕೆಯಿಲ್ಲದೆ ಸಮಾಜ ನಿಲ್ಲದು. ಆದರೂ ದುಷ್ಟನಿಂದ ಸುದ್ದಿಯನ್ನು ಮರೆಮಾಡುವುದು, ತೀವ್ರ ಕಾಯಿಲೆಯಲ್ಲಿರುವವನಿಂದ ಕೆಟ್ಟ ಸುದ್ದಿಯನ್ನು ಮರೆಮಾಡುವುದು—ಇಂಥವು ವಿನಾಯಿತಿಗಳೆಂದು ಅವನು ಒಪ್ಪುತ್ತಾನೆ. ವಿನಾಯಿತಿಗೆ ಮೇರೆ ಹಾಕಬೇಕೆಂದೂ ಸೇರಿಸುತ್ತಾನೆ.

ಮಿಲ್ಲನ ಕಾಲದಲ್ಲಿ ತೀವ್ರ ಕಾಯಿಲೆಯೆಂದರೆ ಹಲವು ವೇಳೆ ಕೆಲವೇ ದಿನಗಳ ಮಾತು. ಇಂದಿನ ರೋಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕುತ್ತಾನೆ. ಔಷಧಿ ಹಚ್ಚಿದಾಗ ಕೂದಲು ಉದುರುತ್ತದೆ. ಆಸ್ಪತ್ರೆಯ ಹಲಗೆಯ ಮೇಲೆ ವಿಭಾಗದ ಹೆಸರು ಬರೆದಿರುತ್ತದೆ. ಅವನು ಊಹಿಸದೆ ಇರುತ್ತಾನೆಯೆ? ಊಹಿಸಿದರೂ, ಮಕ್ಕಳು ನೊಂದಾರೆಂದು ತಾನೂ ತಿಳಿಯದವನಂತೆ ನಟಿಸುತ್ತಾನೆ. ಮಕ್ಕಳು ತಂದೆಗಾಗಿ, ತಂದೆ ಮಕ್ಕಳಿಗಾಗಿ ನಟಿಸುತ್ತ ಕೊನೆಯ ತಿಂಗಳುಗಳು ಕಳೆಯುತ್ತವೆ. ಉಯಿಲು ಬರೆಯುವುದು, ದೂರವಾದ ತಮ್ಮನೊಡನೆ ರಾಜಿಯಾಗುವುದು, ಸಾಲದ ಲೆಕ್ಕ ಹೇಳುವುದು, ಮಡದಿಯೊಡನೆ ಒಂದು ಮಾತಾಡುವುದು—ಎಲ್ಲವೂ ಉಳಿದುಹೋಗುತ್ತವೆ. ಫಲದ ತಕ್ಕಡಿಯಲ್ಲಿ ತೂಗುವುದಾದರೆ ಇವನ್ನೂ ತಟ್ಟೆಗೆ ಹಾಕಲೇಬೇಕು.

ಎರಡನೆಯದು ಕರ್ತವ್ಯದ ಪಕ್ಷ. ಇದರ ಮಹಾಪ್ರತಿಪಾದಕ ಜರ್ಮನಿಯ ಇಮ್ಯಾನುಯಲ್ ಕಾಂಟ್. ಫಲ ಏನೇ ಇರಲಿ, ಎಲ್ಲರೂ ಅನುಸರಿಸಬಹುದಾದ ನಿಯಮಕ್ಕೆ ಒಪ್ಪುವಂತೆ ನಡೆ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬೇಡ ಎಂಬುದು ಅವನು ೧೭೮೫ರಲ್ಲಿ ಮಂಡಿಸಿದ ತತ್ತ್ವದ ಸಾರ. ೧೭೯೭ರಲ್ಲಿ ಅವನು ಬರೆದ ಒಂದು ಕಿರುಲೇಖನ ಇಂದಿಗೂ ವಾದಗ್ರಸ್ತ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿನ್ನ ಮನೆಯಲ್ಲಿ ಅಡಗಿರುವ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಲಾಗದು ಎಂದು ಕಾಂಟ್ ಹಟ ಹಿಡಿದನು. ಗೆಳೆಯ ಒಳಗಿಲ್ಲವೆಂದು ನೀನು ಸುಳ್ಳು ಹೇಳಿ, ಅಷ್ಟರಲ್ಲಿ ಅವನು ನಿಜವಾಗಿಯೂ ಹೊರಬಿದ್ದು ಕೊಲೆಗಾರನ ಕೈಗೆ ಸಿಕ್ಕಿದರೆ, ಆ ಹೊಣೆ ನಿನ್ನದಾಗುತ್ತದೆ ಎಂಬುದು ಅವನ ತರ್ಕ.

ಇದನ್ನು ಓದಿದ ಕನ್ನಡಿಗನಿಗೆ ವ್ಯಾಸಭಾರತದ ಕರ್ಣಪರ್ವ ನೆನಪಾದರೆ ಆಶ್ಚರ್ಯವಿಲ್ಲ. ಗಾಂಡೀವವನ್ನು ಬೇರೆಯವರಿಗೆ ಕೊಡೆಂದವನ ತಲೆ ಕಡಿಯುವೆನೆಂದು ಅರ್ಜುನನ ವ್ರತ. ಆ ಮಾತನ್ನು ಧರ್ಮರಾಯನೇ ಆಡಿಬಿಡುತ್ತಾನೆ. ಅಣ್ಣನ ಮೇಲೆ ಕತ್ತಿ ಹಿರಿದ ಅರ್ಜುನನನ್ನು ತಡೆದು ಕೃಷ್ಣನು ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಕೌಶಿಕನದು ಸತ್ಯವನ್ನೇ ನುಡಿಯುವ ವ್ರತ. ದರೋಡೆಕೋರರಿಗೆ ಅಂಜಿ ಕೆಲವರು ಕಾಡಿಗೆ ಓಡಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕನು ಇದ್ದುದನ್ನು ಇದ್ದಂತೆ ಹೇಳಿದನು. ಅಡಗಿದವರು ಹತರಾದರು; ಸತ್ಯವಾದಿ ಕೌಶಿಕನು ನರಕಕ್ಕೆ ಹೋದನು. ಮೌನದಿಂದ ಪಾರಾಗಬಹುದಾದರೆ ಮೌನವೇ ಲೇಸು, ಮಾತಾಡಲೇಬೇಕಾದರೆ ಅಲ್ಲಿ ಸುಳ್ಳೇ ಶ್ರೇಯಸ್ಕರ ಎಂಬುದು ಕೃಷ್ಣನ ನಿರ್ಣಯ. ಒಂದೇ ಬಗೆಯ ಕಥೆ. ಕಾಂಟನ ತೀರ್ಪು ಒಂದು, ಕೃಷ್ಣನ ತೀರ್ಪು ಮತ್ತೊಂದು.

ಹಾಗಾದರೆ ಕೃಷ್ಣನ ಬೆಂಬಲದಿಂದ ನಮ್ಮ ಮನೆಯ ಸುಳ್ಳೂ ಗೆದ್ದಂತಾಯಿತಲ್ಲ ಎಂದು ಓದುಗರು ಕೇಳಬಹುದು. ಅಲ್ಲಿ ಒಂದು ಸೂಕ್ಷ್ಮವಿದೆ. ಕಾಂಟನ ಲೇಖನವು ಫ್ರೆಂಚ್ ಬರಹಗಾರ ಬೆಂಜಮಿನ್ ಕಾನ್‌ಸ್ಟಂಟನಿಗೆ ಕೊಟ್ಟ ಉತ್ತರ. ಸತ್ಯವನ್ನು ತಿಳಿಯುವ ಹಕ್ಕುಳ್ಳವನಿಗೆ ಮಾತ್ರ ಸತ್ಯ ಹೇಳುವ ಕರ್ತವ್ಯವಿದೆ ಎಂಬುದು ಕಾನ್‌ಸ್ಟಂಟನ ವಾದ. ಕಾಂಟನಿಗೆ ಅದು ಒಪ್ಪಿಗೆಯಾಗಲಿಲ್ಲ. ನಮಗೆ ಒಪ್ಪಿಗೆಯಾದರೂ ಅದರಿಂದ ಹೊರಡುವ ತೀರ್ಮಾನವೇನು? ದರೋಡೆಕೋರನಿಗೂ ಕೊಲೆಗಾರನಿಗೂ ಆ ಸುದ್ದಿಯ ಮೇಲೆ ಹಕ್ಕಿರಲಿಲ್ಲ. ಆದರೆ ಹಾಸಿಗೆಯ ಮೇಲೆ ಮಲಗಿರುವ ತಂದೆ ಬಾಗಿಲಿಗೆ ಬಂದ ಕೊಲೆಗಾರನಲ್ಲ. ದೇಹ ಅವರದು, ನೋವು ಅವರದು, ಉಳಿದಿರುವ ದಿನಗಳು ಅವರವು. ಆ ಸುದ್ದಿಯ ಮೇಲೆ ಲೋಕದಲ್ಲಿ ಯಾರಿಗಾದರೂ ಮೊದಲ ಹಕ್ಕಿದ್ದರೆ ಅದು ಅವರಿಗೆ. ಕೌಶಿಕನ ಕಥೆ ನಮ್ಮ ಸುಳ್ಳಿಗೆ ಸಾಕ್ಷಿ ನುಡಿಯಲಾರದು.

ಮೂರನೆಯದು ಶೀಲದ ಪಕ್ಷ. ಯಾವ ಕೆಲಸ ಮಾಡಬೇಕೆಂಬುದಕ್ಕಿಂತ ಮೊದಲು, ಎಂಥ ಮನುಷ್ಯನಾಗಬೇಕೆಂದು ಅದು ಕೇಳುತ್ತದೆ. ಗ್ರೀಸಿನ ಅರಿಸ್ಟಾಟಲನು ಇದರ ಮೂಲಪುರುಷರಲ್ಲಿ ಅಗ್ರಗಣ್ಯ. ಬಹುಕಾಲ ಹಿಂದೆ ಬಿದ್ದಿದ್ದ ಈ ದೃಷ್ಟಿಯನ್ನು ಮತ್ತೆ ಮುನ್ನೆಲೆಗೆ ತಂದ ಬರಹಗಳಲ್ಲಿ ಎಲಿಜಬೆತ್ ಆನ್ಸ್‌ಕೂಮ್ ಎಂಬ ಮಹಿಳೆ ೧೯೫೮ರಲ್ಲಿ ಪ್ರಕಟಿಸಿದ ಲೇಖನ ಮುಖ್ಯವಾದುದು. ಅರಿಸ್ಟಾಟಲ್ ವೈದ್ಯನ ಮಗ. ಅವನ ಬರಹದಲ್ಲಿ ವೈದ್ಯಕೀಯದ ಉಪಮೆಗಳು ಬಹಳ. ಎಲ್ಲರಿಗೂ ಒಂದೇ ಪ್ರಮಾಣದ ಆಹಾರ ಹೇಗೆ ಹೊಂದದೋ ಹಾಗೆ ನಡತೆಗೂ ಗಣಿತದಂತಹ ಒಂದೇ ಸೂತ್ರ ಹೊಂದದು. ಗುಣವೆಂಬುದು ಅತಿರೇಕ, ಕೊರತೆ ಎರಡರ ನಡುವಣ ಹದ. ಪುಕ್ಕಲುತನಕ್ಕೂ ದುಡುಕಿಗೂ ನಡುವೆ ಧೈರ್ಯವಿದೆ. ಆ ಹದವನ್ನು ತಿಳಿಯುವುದೆಂದರೆ ಯಾರಿಗೆ, ಯಾವಾಗ, ಎಷ್ಟು, ಏತಕ್ಕಾಗಿ, ಯಾವ ರೀತಿಯಲ್ಲಿ ಎಂಬುದನ್ನೆಲ್ಲ ತಿಳಿಯುವುದು.

ಈ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಅಹಿತಕರವಾದುದೊಂದು ಕಾಣಿಸುತ್ತದೆ. "ಅಪ್ಪನಿಗೆ ತಡೆದುಕೊಳ್ಳಲಾಗುವುದಿಲ್ಲ" ಎನ್ನುತ್ತೇವೆ. ತಡೆದುಕೊಳ್ಳಲಾಗದವರು ಅವರೋ, ನಾವೋ? ಮಕ್ಕಳನ್ನು ಸಾಕಿ ಓದಿಸಿ, ತಮ್ಮ ತಂದೆತಾಯಿಗಳನ್ನು ಮಣ್ಣುಮಾಡಿ, ಬಾಳಿನ ಏರಿಳಿತಗಳನ್ನೆಲ್ಲ ಕಂಡ ಹಿರಿಯರು ಅವರು. ಅವರ ಮುಂದೆ ಕುಳಿತು, ಕಣ್ಣಿನಲ್ಲಿ ಕಣ್ಣಿಟ್ಟು ಆ ಮಾತಾಡುವ ಧೈರ್ಯ ನಮಗಿಲ್ಲದಿರುವುದೇ ಹಲವು ವೇಳೆ ನಿಜವಾದ ಕಾರಣವಾಗಿರುತ್ತದೆ. ನಮ್ಮ ಅಂಜಿಕೆಗೆ ನಾವು ಕರುಣೆಯೆಂದು ಹೆಸರಿಟ್ಟಿರುತ್ತೇವೆ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ವರದಿಯನ್ನು ಒಮ್ಮೆ ನೋಡಿ, ನಿಂತ ಕಾಲಿನಲ್ಲಿ "ನಿಮಗಿನ್ನು ಆರು ತಿಂಗಳು" ಎಂದುಬಿಟ್ಟು ಮುಂದಿನ ಹಾಸಿಗೆಗೆ ಹೋಗುವುದು ಸತ್ಯನಿಷ್ಠೆಯಲ್ಲ, ಒರಟುತನ. ಸತ್ಯವೂ ಪ್ರಿಯವೂ ಹಿತವೂ ಆಗಿ, ಕೇಳುವವನನ್ನು ಕಳವಳಗೊಳಿಸದ ಮಾತೇ ವಾಣಿಯ ತಪಸ್ಸು ಎಂದು ಗೀತೆ ಹೇಳಿರುವುದು ಸುಮ್ಮನಲ್ಲ. ಅದು ತಪಸ್ಸೇ ಸರಿ, ಅಷ್ಟು ಸುಲಭವಲ್ಲ.

ಆಸ್ಪತ್ರೆಯಲ್ಲಿ ನೀತಿಶಾಸ್ತ್ರ

ಮೂರನೆಯದಾದ ಅನ್ವಯಿಕ ಶಾಖೆಯು ಇಂದಿನ ರೂಪವನ್ನು ಪಡೆದುದು ಪಂಡಿತರ ವಾದಕ್ಕಿಂತ ಹೆಚ್ಚಾಗಿ ಘೋರವಾದ ಅನುಭವಗಳಿಂದ. ಹಿಟ್ಲರನ ಕಾಲದಲ್ಲಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆ ನ್ಯೂರೆಂಬರ್ಗಿನಲ್ಲಿ ನಡೆಯಿತು. ೧೯೪೭ರ ಆ ತೀರ್ಪಿನಲ್ಲಿಯೇ, ಮನುಷ್ಯನ ಸ್ವಇಚ್ಛೆಯ ಸಮ್ಮತಿಯಿಲ್ಲದೆ ಅವನ ಮೇಲೆ ಯಾವ ಪ್ರಯೋಗವೂ ಸಲ್ಲದೆಂಬ ಸಂಹಿತೆ ಮೂಡಿತು. ಆದರೂ ಅಮೆರಿಕದ ಟಸ್ಕೀಗಿಯಲ್ಲಿ ೧೯೩೨ರಿಂದ ೧೯೭೨ರವರೆಗೆ, ಸರ್ಕಾರದ ಆರೋಗ್ಯ ಇಲಾಖೆಯೇ, ಸಿಫಿಲಿಸ್ ರೋಗವಿದ್ದ ೩೯೯ ಕಪ್ಪು ಜನರಿಗೆ ಅವರ ರೋಗದ ನಿಜವಾದ ಹೆಸರನ್ನು ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತ್ತು. "ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡುತ್ತಿದ್ದೇವೆ" ಎಂದು ಅವರನ್ನು ನಂಬಿಸಲಾಗಿತ್ತು. ರೋಗಿಯಿಂದ ನಿಜವನ್ನು ಮುಚ್ಚಿಡುವ ಅಭ್ಯಾಸಕ್ಕೆ ಪ್ರೀತಿಯ ಕಾವಲು ತಪ್ಪಿದರೆ ಅದು ಎಲ್ಲಿಗೆ ಮುಟ್ಟೀತೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಈ ಸಂಗತಿ ಹೊರಬಿದ್ದ ಮೇಲೆ ನೇಮಿಸಲ್ಪಟ್ಟ ಆಯೋಗದ ವರದಿ ೧೯೭೯ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೋಚಾಂಪ್ ಮತ್ತು ಚಿಲ್ಡ್ರೆಸ್ ಎಂಬ ಇಬ್ಬರು ವಿದ್ವಾಂಸರು ವೈದ್ಯಕೀಯಕ್ಕೆ ನಾಲ್ಕು ಸೂತ್ರಗಳನ್ನು ಮುಂದಿಟ್ಟರು: ರೋಗಿಯ ಸ್ವನಿರ್ಣಯಕ್ಕೆ ಗೌರವ, ಕೇಡು ಮಾಡದಿರುವುದು, ಒಳಿತು ಮಾಡುವುದು, ನ್ಯಾಯ. ಇವುಗಳಲ್ಲಿ ಕಾಂಟನೂ ಮಿಲ್ಲನೂ ಪಕ್ಕಪಕ್ಕದಲ್ಲಿ ಕುಳಿತಿರುವುದನ್ನು ಗಮನಿಸಬಹುದು. ತತ್ತ್ವದ ಕೊಠಡಿಯಲ್ಲಿ ಜಗಳವಾಡುವವರು ಆಸ್ಪತ್ರೆಯ ಹಾಸಿಗೆಯ ಬಳಿ ಒಟ್ಟಿಗೆ ಕೆಲಸ ಮಾಡಬೇಕಾಗುತ್ತದೆ.

ನಮ್ಮ ದೇಶದಲ್ಲಿ ಕುಟುಂಬಕ್ಕೆ ಇರುವ ಸ್ಥಾನ ದೊಡ್ಡದು. ಭಾರತದ ವೈದ್ಯರಿಗಾಗಿ ೨೦೦೨ರಲ್ಲಿ ಮಾಡಿದ ನಡವಳಿಕೆಯ ನಿಯಮಗಳು, ರೋಗದ ಗಂಭೀರತೆಯನ್ನು ವೈದ್ಯನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು ಎಂದವು. ಆದರೆ ತಿಳಿಯಬೇಕಾದವರ ಸಾಲಿನಲ್ಲಿ ರೋಗಿಯ ಜೊತೆಗೆ ಬಂಧುಗಳನ್ನೂ ಜವಾಬ್ದಾರಿಯುಳ್ಳ ಸ್ನೇಹಿತರನ್ನೂ ಸೇರಿಸಿದವು. ೨೦೦೮ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ತ್ವದ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಹಿಳೆಯೊಬ್ಬಳಿಗೆ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ಮಾಡಿಬಿಟ್ಟಿದ್ದರು. ರೋಗಿ ಪ್ರಾಪ್ತವಯಸ್ಕಳು, ಪ್ರಾಣಾಪಾಯದ ತುರ್ತು ಇರಲಿಲ್ಲ. ಆದುದರಿಂದ ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಸಮ್ಮತಿಗೆ ಮೊದಲು ರೋಗಿಗೆ ಸಾಕಷ್ಟು ತಿಳಿವಳಿಕೆ ಕೊಟ್ಟಿರಬೇಕೆಂದೂ ಅದೇ ತೀರ್ಪು ವಿಧಿಸಿತು. ರೋಗದ ಹೆಸರನ್ನೇ ತಿಳಿಯದವರು ಚಿಕಿತ್ಸೆಗೆ ಕೊಡುವ ಸಮ್ಮತಿಗೆ ಏನರ್ಥ?

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕೆಂದಲ್ಲ. "ನನಗೆ ವಿವರ ಬೇಡ, ಮಗನ ಹತ್ತಿರ ಮಾತಾಡಿ" ಎನ್ನುವ ಹಿರಿಯರೂ ಇದ್ದಾರೆ. ಅದು ಅವರ ಸ್ವನಿರ್ಣಯವೇ, ಅದನ್ನೂ ಗೌರವಿಸಬೇಕು. ಕೆಟ್ಟ ಸುದ್ದಿಯನ್ನು ತಿಳಿಸುವ ಬಗೆಗೆ ಅಮೆರಿಕ ಮತ್ತು ಕೆನಡಾದ ಕೆಲವು ವೈದ್ಯರು ೨೦೦೦ದಲ್ಲಿ ಆರು ಮೆಟ್ಟಿಲುಗಳ ಒಂದು ಕ್ರಮವನ್ನು ಪ್ರಕಟಿಸಿದರು. ಏಕಾಂತದಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳುವುದು ಮೊದಲನೆಯ ಮೆಟ್ಟಿಲು. ರೋಗಿಗೆ ಈಗಾಗಲೇ ಏನು ತಿಳಿದಿದೆಯೆಂದು ಕೇಳುವುದು ಎರಡನೆಯದು. ಎಷ್ಟನ್ನು ತಿಳಿಯಲು ಇಷ್ಟಪಡುತ್ತೀರಿ ಎಂದು ಕೇಳುವುದು ಮೂರನೆಯದು. ಸುದ್ದಿಯನ್ನು ಹೇಳುವುದು ನಾಲ್ಕನೆಯದು. ಅವರ ದುಃಖದಲ್ಲಿ ಜೊತೆಗಿರುವುದು, ಮುಂದಿನ ದಾರಿಯನ್ನು ಕೂಡಿ ಯೋಚಿಸುವುದು ಅನಂತರದವು. ಹೇಳುವುದಕ್ಕೆ ಮೊದಲು ಎರಡು ಸಲ ಕೇಳಬೇಕೆಂಬುದು ಇಲ್ಲಿಯ ಮರ್ಮ.

ನಮ್ಮ ಮನೆಗಳಲ್ಲಿ ಬಿಟ್ಟುಹೋಗಿರುವುದು ಈ ಕೇಳುವ ಮೆಟ್ಟಿಲು. ಹೇಳಬೇಕೆ, ಬೇಡವೆ ಎಂದು ಅಣ್ಣತಮ್ಮಂದಿರು ಚರ್ಚಿಸುತ್ತಾರೆ. ಅಳಿಯನ ಅಭಿಪ್ರಾಯ ಪಡೆಯುತ್ತಾರೆ. ವಿದೇಶದಲ್ಲಿರುವ ಮಗಳಿಗೆ ಫೋನು ಮಾಡುತ್ತಾರೆ. ಯಾರ ಬದುಕಿನ ಮಾತೋ ಅವರೊಬ್ಬರನ್ನು ಮಾತ್ರ ಯಾರೂ ಕೇಳುವುದಿಲ್ಲ. ಫಲವನ್ನು ಎಣಿಸಿದರೂ, ಕರ್ತವ್ಯವನ್ನು ನೆನೆದರೂ, ಶೀಲವನ್ನು ಪರೀಕ್ಷಿಸಿಕೊಂಡರೂ, ಮೂರು ದಾರಿಗಳೂ ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು ಅವರ ಹಾಸಿಗೆಯ ಬಳಿಯಲ್ಲಿಯೇ. ನೀತಿಶಾಸ್ತ್ರವು ನಮ್ಮ ಪರವಾಗಿ ನಿರ್ಣಯ ಮಾಡಿಕೊಡಲಾರದು. ಆದರೆ ನಿರ್ಣಯಕ್ಕೆ ಮೊದಲು ಯಾರನ್ನು ಕೇಳಲು ಮರೆತೆವೆಂಬುದನ್ನು ಅದು ತೋರಿಸಿಕೊಡಬಲ್ಲದು.

ಈ ಮಾತನ್ನು ಆಸ್ಪತ್ರೆಯ ಬಾಗಿಲಿನವರೆಗೆ ಕಾಯಿಸಬೇಕಾಗಿಯೂ ಇಲ್ಲ. ಎಲ್ಲರೂ ಆರೋಗ್ಯವಾಗಿರುವ ಒಂದು ಸಂಜೆ, ಊಟವಾದ ಮೇಲೆ, ತಂದೆತಾಯಿಗಳನ್ನು ಕೇಳಬಹುದು: "ಮುಂದೊಂದು ದಿನ ಅಂಥದೇನಾದರೂ ಬಂದರೆ, ನಿಮಗೆ ತಿಳಿಯಬೇಕೋ, ಬೇಡವೋ?" ಅಪಶಕುನದ ಮಾತೆಂದು ಅಮ್ಮ ಗದರಬಹುದು. ಗದರಿದ ಮೇಲೆ, ಸ್ವಲ್ಪ ಹೊತ್ತು ಬಿಟ್ಟು, ಉತ್ತರವನ್ನೂ ಹೇಳಬಹುದು.